ಟ್ಯಾಗ್ ಮೀಮಾಂಸೆ

ಇನ್ನು ಟ್ಯಾಗ್ ವಿಚಾರ. ಪ್ರಜೆಯು ಪ್ರಭುತ್ವವನ್ನು ಜಾಲತಾಣದಲ್ಲಿ ಹೆಸರು ಹಿಡಿದು, ನಾಲ್ಕು ಜನರ ಮುಂದೆ ಕೂಗುವುದೇ ಟ್ಯಾಗ್. ಅರ್ಜಿಯನ್ನು ಅಧಿಕಾರಿ ಓದಬೇಕು; ಟ್ಯಾಗನ್ನು ಊರೆಲ್ಲ ಓದುತ್ತದೆ, ಅಧಿಕಾರಿಯೂ ಓದಿದರೆ ಅದು ಲಾಭ.

ಪೂರ್ವಪಕ್ಷ: 2005ರ ಮಾಹಿತಿ ಹಕ್ಕು ಕಾಯ್ದೆ ಇರುವಾಗ ಇದೇಕೆ? 10 ರೂಪಾಯಿ ಕಟ್ಟಿದರೆ 30 ದಿನದೊಳಗೆ ಉತ್ತರ ಬರಬೇಕಲ್ಲವೆ? ಬರಬೇಕು ಎಂಬುದು ವಿಧಿ, ಬರುತ್ತದೆ ಎಂಬುದು ಅರ್ಥವಾದ. ಮೇಲಾಗಿ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಟ್ವೀಟಿಗಿಂತ ತುಸು ಉದಾರ, ಅಷ್ಟೆ.

ದೃಷ್ಟಾಂತ: 2019ರ ಸೆಪ್ಟೆಂಬರ್, ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲಿಳಿಯಲು ಅಣಿಯಾಗಿದ್ದ ವಾರ. ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆಯೊಂದರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಗಗನಯಾತ್ರಿಯ ದಿರಿಸು ತೊಟ್ಟ ನಟನನ್ನು ಗುಂಡಿಗಳ ನಡುವೆ ತೇಲುನಡಿಗೆಯಲ್ಲಿ ನಡೆಸಿದರು. ಪಕ್ಕದಲ್ಲಿ ವಾಹನ ಹಾದುಹೋದಾಗಲೇ ಅದು ಭೂಲೋಕವೆಂದು ನೋಡುಗರಿಗೆ ಹೊಳೆದದ್ದು. ವಿಡಿಯೊ ಹರಡಿದ್ದೇ ತಡ, ಪಾಲಿಕೆ ದುರಸ್ತಿಗೆ ಇಳಿಯಿತು. ಇದರಿಂದ ಸಿದ್ಧವಾಗುವುದೇನು? ಗುಂಡಿಗೆ ಸ್ವತಃ ಅಸ್ತಿತ್ವವಿಲ್ಲ. ಬಿದ್ದವನಿಗೆ ಅದು ಬರೀ ಅನುಭವ. ಅನುಭವಕ್ಕೆ ಕಚೇರಿಯಲ್ಲಿ ಪ್ರಾಮಾಣ್ಯವಿಲ್ಲ. ನೋಡಿದವರ ಲೆಕ್ಕ ಲಕ್ಷ ದಾಟಿದಾಗ ಗುಂಡಿ ಇರತೊಡಗುತ್ತದೆ, ಇರತೊಡಗಿದ ಕೂಡಲೇ ಮುಚ್ಚಿಹೋಗುತ್ತದೆ. ಪಕ್ಕದ ಬೀದಿಯ ಗುಂಡಿಗೆ ನಟ ಸಿಗಲಿಲ್ಲವಾದರೆ ಅದು ಇರಲೇ ಇಲ್ಲವೆಂದು ತಿಳಿಯುವುದು.

ಇನ್ನು ಟ್ಯಾಗಿಗೆ ಬರುವ ‘ನಿಮ್ಮ ದೂರನ್ನು ಸಂಬಂಧಪಟ್ಟ ಅಧಿಕಾರಿಗೆ ಕಳುಹಿಸಲಾಗಿದೆ’ ಎಂಬ ಉತ್ತರ. ಈ ಅಧಿಕಾರಿ ನಿರ್ಗುಣ, ನಿರಾಕಾರ. ರಸ್ತೆಯವರು ‘ಅಗೆದದ್ದು ನೀರಿನವರು’ ಎನ್ನುತ್ತಾರೆ, ನೀರಿನವರು ಕೇಬಲ್‌ನವರತ್ತ ಕೈ ತೋರುತ್ತಾರೆ. ನೇತಿ ನೇತಿ ಎನ್ನುತ್ತ ಅಲೆದ ಸಾಧಕನಿಗೆ ಕಡೆಗೆ ದಕ್ಕುವುದು ದೂರಿನ ಸಂಖ್ಯೆ. ಅದರ ಮುಂದೆ ‘ಪರಿಹರಿಸಲಾಗಿದೆ’ ಎಂದಿರುತ್ತದೆ.

ಸರ್ಕಾರ ಈಗ ಎಲ್ಲರ ಕಣ್ಣಿಗೂ ಬೀಳುತ್ತಿದೆ ಎಂಬುದು ವಿದ್ವಾಂಸರ ಒಮ್ಮತ. ನಿಜ. ಗುದ್ದಲಿ ಪೂಜೆ, ಸ್ಥಳ ಪರಿಶೀಲನೆ, ಹುಟ್ಟುಹಬ್ಬದ ಶುಭಾಶಯ ಎಲ್ಲವೂ ಕಾಣುತ್ತವೆ. ಆ ಗುಂಡಿಗೆ ಎಷ್ಟು ಬಿಲ್ಲಾಯಿತು ಎನ್ನುವ ಕಡತ ಮಾತ್ರ ಫೋಟೊಗೆ ನಿಲ್ಲುವ ಸ್ವಭಾವದ್ದಲ್ಲ. ಅದಕ್ಕೆ ಮತ್ತೆ 150 ಪದಗಳೇ ಗತಿ.

ಪರಿಶಿಷ್ಟ: ಐಟಿ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರ ಪೋಸ್ಟುಗಳನ್ನು ತಡೆಹಿಡಿಸಬಹುದು. 2009ರ ನಿಯಮಾವಳಿಯ 16ನೇ ನಿಯಮ ಆ ಕೋರಿಕೆ, ದೂರು, ಕ್ರಮಗಳನ್ನೆಲ್ಲ ಗೋಪ್ಯವಾಗಿಡಬೇಕೆನ್ನುತ್ತದೆ. ಕಾರಣ ತಿಳಿಯಬಯಸುವವರು ಸಂಬಂಧಪಟ್ಟ ಅಧಿಕಾರಿಯನ್ನು ಟ್ಯಾಗ್ ಮಾಡತಕ್ಕದ್ದು.