ಟ್ರೇಲಿ ಸಂಸಾರ

ಪರದೇಶದಲ್ಲಿ ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಊರೂರು ತಿರುಗುತ್ತಾರಂತೆ. ದುಂಡಸಿಯ ನಮಗೆ ಸಿಕ್ಕಿದ್ದು ಕಾಕಾನ ಟ್ರ್ಯಾಕ್ಟರ್, ಅದರ ಹಿಂದೊಂದು ಟ್ರೇಲಿ. ಮೇಲೆ ತಾಡಪತ್ರಿ, ಕೆಳಗೆ ಹುಲ್ಲು, ನಡುವೆ 11 ಜನ ಮತ್ತು 150 ಖಡಕ್ ರೊಟ್ಟಿ. (ಟ್ರೇಲಿಯಲ್ಲಿ ಜನ ಕೂರುವುದು ಕಾನೂನಿಗೆ ಒಪ್ಪದು, ನಮ್ಮ ಸೊಂಟಕ್ಕೂ ಒಪ್ಪಲಿಲ್ಲ.) ಮುಂಡಗೋಡ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ರೊಟ್ಟಿಯೆಲ್ಲ ಚೂರುಚೂರು. ಕುಮಟಾದ ಹಸಿಗಾಳಿ ತಾಗಿದ್ದೇ ಆ ಚೂರೂ ಹಳೇ ಚಪ್ಪಲಿಯ ತೊಗಲಾಯಿತು. ಅವ್ವ ಅದಕ್ಕೆ ಶೇಂಗಾ ಚಟ್ನಿ ಸವರಿ, "ಅಗೀರಿ, ಹಲ್ಲಿಗೆ ಚಲೋ" ಅಂದಳು.

ರಾತ್ರಿ ಟ್ರೇಲಿಯಲ್ಲೇ ವಸ್ತಿ. "ಸಮುದ್ರದ ಗಾಳಿ ಬರ್ತೈತಿ, ಮಲಗ್ರಿ" ಎಂದ ಕಾಕಾ. ಬಂದದ್ದು ಸೊಳ್ಳೆ. ಮೇ ತಿಂಗಳ ಬೆವರಿಗೆ ಹುಲ್ಲು ಮೈಗಂಟಿ, ಬೆಳಿಗ್ಗೆ ನಾನು ಬೆದರುಬೊಂಬೆಯಾಗಿ ಎದ್ದೆ.

ಮುರ್ಡೇಶ್ವರದಲ್ಲಿ 123 ಅಡಿ ಶಿವನೆದುರು ಕಾಕಾ ರಿವರ್ಸ್ ಹಾಕಿದ. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲಿ ಬಲಕ್ಕೆ. ಬಲಕ್ಕೆ ತಿರುವಿದರೆ ಎಡಕ್ಕೆ. ಶಿವನನ್ನು ಬಿಟ್ಟು ಜನ ನಮ್ಮನ್ನೇ ನೋಡತೊಡಗಿದರು. ಕೊನೆಗೆ ಕೊಕ್ಕೆ ಬಿಚ್ಚಿ ನಾವೇ ತಳ್ಳಿದೆವು.

ಈ ಬೇಸಿಗೆಗೂ ಕಾಕಾ ಟ್ರೇಲಿ ತೊಳೆಯುತ್ತಿದ್ದಾನೆ. ಬರುವವರಿದ್ದರೆ ಬರ್ರಿ, ಜಾಗ ಐತಿ. ನಾನು ಬಸ್ಸಿಗೆ ಹೊರಟಿದ್ದೇನೆ.