ಶೆಡ್ಡಿನೊಳಗೊಂದು ಲಾಂಬೋರ್ಗಿನಿ

ಪಕ್ಕದ ಮನೆಯ ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಯಂತ್ರದ ಸದ್ದು ಕೇಳಿಯೇ ಅದರ ಬ್ಯಾನಿ ಹೇಳುತ್ತಾರೆ. ಯಾರೂ ಕೇಳದಿದ್ದರೂ ಹೇಳುತ್ತಾರೆ. ಅಂಥವರು ಬೇಲಿಯ ಹತ್ತಿರ ಬಂದು ನನ್ನನ್ನೇ ಏನೋ ಕೇಳುತ್ತಾರೆಂದರೆ ಪ್ರಕರಣ ಗಂಭೀರವೇ ಇರಬೇಕು.

"ತಮ್ಮಾ, ಈ ಲಾಂಬೋರ್ಗಿನಿ ಅಂದ್ರ ಏನೋ?"

"ಇಟಲಿ ಕಾರ್ ರೀ ಕಾಕಾ. ಕೋಟಿಗಟ್ಟಲೆ ರೊಕ್ಕ. ಯಾಕ್ರಿ, ತಗೋಳಾವ್ರದೀರಿ?"

"ನಮ್ಮ ಮೊಮ್ಮಗ ಅದನ್ನ ಶೆಡ್ಡಿನ್ಯಾಗ ಮಾಡ್ತಾನಂತ. ಮೂಲ್ಯಾಗ ನಿಂತ ಹಳೇ ಮಾರುತಿ ನನಗ ಕೊಡು ಅಂತ ಬೆನ್ನ ಹತ್ಯಾನ."

ಮೊಮ್ಮಗ ಐಟಿಐ ಓದುವ ಹುಡುಗ. ಅವನ ತಲೆಗೆ ಈ ಹುಳ ಬಿಟ್ಟವನು ಅಸ್ಸಾಮಿನ ಮೆಕ್ಯಾನಿಕ್ ನೂರುಲ್ ಹಕ್. ಆಗ ಕರೀಂಗಂಜ್, ಈಗ ಶ್ರೀಭೂಮಿ ಎನ್ನುವ ಜಿಲ್ಲೆಯವನು. ಲಾಕ್‌ಡೌನ್ ಕಾಲದಲ್ಲಿ ಒಂದು ಹಳೆಯ ಸ್ವಿಫ್ಟ್ ಬಿಚ್ಚಿ, ಆರು ಲಕ್ಷಕ್ಕೂ ಮೇಲೆ ಸುರಿದು, ಲಾಂಬೋರ್ಗಿನಿಯ ಮುಖ ಕೂರಿಸಿದ. ಜನ ಮೆಚ್ಚಿದ್ದೇ ತಡ, ಇನ್ನೊಂದು ಮಾಡಿ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮಾ ಅವರಿಗೇ ಕೊಟ್ಟ. ಮೊಬೈಲಿನಲ್ಲಿ ಆ ಕತೆ ನೋಡಿದ ಹುಡುಗನಿಗೆ ನಿದ್ದೆ ಬರುವುದಾದರೂ ಹೇಗೆ?

ಕಾಕಾಗೆ ಮುಖ್ಯಮಂತ್ರಿಯ ಸುದ್ದಿ ಬೇಕಿರಲಿಲ್ಲ. ಅಳತೆ ಬೇಕಿತ್ತು. ಹುಡುಕಿ ಹೇಳಿದೆ. ಮಾರುತಿ 800ರ ಅಗಲ 1,440 ಮಿಲಿಮೀಟರ್, ಲಾಂಬೋರ್ಗಿನಿ ಅವೆಂಟಡೋರ್‌ನದು 2,030. ಎತ್ತರದಲ್ಲಿ ಲೆಕ್ಕ ಉಲ್ಟಾ: ಮಾರುತಿ 1,405, ಅವೆಂಟಡೋರ್ ಬರೇ 1,136. ಕಾಕಾ ಮನಸ್ಸಿನಲ್ಲೇ ಅದನ್ನು ಫೂಟು-ಇಂಚಿಗೆ ಇಳಿಸಿಕೊಂಡರು.

"ಅಂದ್ರ ಎರಡ ಫೂಟು ಅಗಲ ಮಾಡಬೇಕು, ಹತ್ತ ಇಂಚ ತಗ್ಗಸಬೇಕು. ಇದು ಕಾರ್ ಮಾಡೂದಲ್ಲೋ, ಹಪ್ಪಳಾ ಲಟ್ಟಸೂದು."

ನಗೆಯಾಡಿದರೂ ಅವರ ಕಣ್ಣು ಆಗಲೇ ಶೆಡ್ಡಿನ ಕಡೆ ಹೋಗಿತ್ತು. ನಿಜವಾದ ತೊಡಕು ಅಗಲ-ಎತ್ತರದ್ದಲ್ಲ, ಎಂಜಿನ್ನಿನದು. ಮಾರುತಿಯ ಎಂಜಿನ್ ಮುಂದೆ, ಅವೆಂಟಡೋರ್‌ನದು ಸೀಟಿನ ಹಿಂದೆ. ಮುಂದೆ ಎಂಜಿನ್ ಉಳಿಸಿಕೊಂಡರೆ ಆ ಚೂಪು ಮೂತಿ ಬರುವುದೇ ಇಲ್ಲ. ಹಾಗಾಗಿ ಈ ಕಸುಬು ಬಲ್ಲವರು ಒಂದು ಉಪಾಯ ಮಾಡುತ್ತಾರೆ: ಮುಂದಿನ ಚಕ್ರ ಎಳೆಯುವ ಕಾರಿನ ಎಂಜಿನ್, ಗೇರ್‌ಬಾಕ್ಸು, ಆಕ್ಸಲ್ಲು ಎಲ್ಲವನ್ನೂ ಒಂದೇ ಗಂಟಾಗಿ ಎತ್ತಿ ಹಿಂದಕ್ಕೆ ಕೂರಿಸುವುದು. ಆ ಚಕ್ರಗಳು ಈಗ ಹಿಂದೆ ಬಂದವಲ್ಲ, ಅತ್ತಿತ್ತ ತಿರುಗದಂತೆ ಅವುಗಳ ಸ್ಟೇರಿಂಗ್ ರಾಡು ಕಟ್ಟಿಹಾಕಬೇಕು. ಗೇರಿನ ರಾಡು ಉದ್ದ ಮಾಡಬೇಕು. ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಹೊಸದಾಗಿ ಯೋಚಿಸಬೇಕು. ಇಷ್ಟೆಲ್ಲ ಹೊರಲು ಚೌಕ ಪೈಪಿನ ಚಾಸಿ ಬೇರೆ ಬೆಸೆಯಬೇಕು.

ಮೈ ಮಾಡುವುದು ಇನ್ನೊಂದು ಯಜ್ಞ. ಥರ್ಮೊಕೋಲಿನಲ್ಲಿ ಆಕಾರ ಕೊರೆದು, ಅದರ ಮೇಲೆ ಫೈಬರ್ ಬಟ್ಟೆ ಹಾಸಿ, ರಾಳಕ್ಕೆ ಹಾರ್ಡನರ್ ಕಲಸಿ ಬಳಿಯುವುದು. ಅದು ಗಟ್ಟಿಯಾದ ಮೇಲೆ ಪುಟ್ಟಿ, ಪಾಲಿಶ್ ಕಾಗದ, ಮತ್ತೆ ಪುಟ್ಟಿ, ಮತ್ತೆ ಪಾಲಿಶ್ ಕಾಗದ. ಉಮೇದಿನ ಹುಡುಗರು ಎಂಜಿನ್ನಿಗೆ ಹೆದರುವುದಿಲ್ಲ. ತಿಕ್ಕಿ ತಿಕ್ಕಿ ಇಲ್ಲೇ ಸೋಲುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ಪುಣ್ಯಾತ್ಮ ಮನೆಯ ನೆಲಮಾಳಿಗೆಯಲ್ಲಿ ಲಾಂಬೋರ್ಗಿನಿ ಕೌಂಟಾಕ್ ಕಟ್ಟಲು ಕೂತು 17 ವರ್ಷ ತೆಗೆದುಕೊಂಡ. ಮುಗಿದ ಕಾರು ಹೊರಬರಲು ದಾರಿಯೇ ಇರಲಿಲ್ಲ. ಮನೆಯ ಪಾಯದ ಗೋಡೆ ಒಡೆದು, ನೆಲ ಅಗೆದು, ಎಳೆದು ತೆಗೆಯಬೇಕಾಯಿತು.

ಕಾಕಾ ಇದನ್ನು ಕೇಳಿ ನಗಲಿಲ್ಲ. "ನಮ್ಮ ಶೆಡ್ಡಿನ ಬಾಗಲಾ ಟ್ರ್ಯಾಕ್ಟರ್ ಹಿಡಸಂಗ ಇಟ್ಟೇನಿ. ಅದರ ಚಿಂತಿಲ್ಲ" ಅಂದರು. ಹೇಳಿದ ಮೇಲೆ ತಾವು ಯಾರ ಪಕ್ಷ ವಹಿಸಿದೆವೆಂದು ಹೊಳೆಯಿತೇನೋ, ಕೂಡಲೇ ಮುಖ ಗಂಟಿಕ್ಕಿದರು. "ಆದ್ರ ಮೂವತ್ತೇಳ ಹಾರ್ಸ್‌ಪವರ್ ಮಾರುತಿ ಎಂಜಿನ್ ಹಾಕಿ ತವಂದಿ ಘಾಟ ಏರತೈತೇನು? ಏಳನೂರ ಹಾರ್ಸ್‌ಪವರ್ ಗಾಡಿಯ ಅಂಗಿ ತೊಟ್ಟು ಕೆಳಗ ಇಳದ ನೂಕೂದಂದ್ರ ನಾಚಿಕಿ ಆಗಂಗಿಲ್ಲ?"

ಘಾಟು ಬಿಡಿ, ಕಬ್ಬಿನ ಹಂಗಾಮಿನಲ್ಲಿ ನಮ್ಮ ಚಿಕ್ಕೋಡಿಯ ರಾಯಬಾಗ ರಸ್ತೆಗೆ ಇಳಿದರೂ ಸಾಕು. ಮುಂದೆ ಎರಡು ಡಬ್ಬಿ ಕಬ್ಬು ಎಳೆಯುವ ಟ್ರ್ಯಾಕ್ಟರು. ಹಾಡು ಕಿವಿ ಹರಿಯುವಂತೆ, ಹಿಂದಿನ ದೀಪ ಮಾತ್ರ ಇಲ್ಲ. ಅದರ ಹಿಂದೆ ನೆಲಕ್ಕಂಟಿದ ಲಾಂಬೋರ್ಗಿನಿ. ಒಳಗೆ ಕೂತವನ ಕಣ್ಣಿಗೆ ಕಾಣುವುದು ಡಬ್ಬಿಯ ಆಕ್ಸಲ್ಲು ಮಾತ್ರ. ಊರಿಗೊಂದರಂತೆ ಇರುವ ಸ್ಪೀಡ್‌ಬ್ರೇಕರ್ ದಾಟಿಸುವುದು ಹೇಗೆಂದು ಆ ದೇವರೇ ಬಲ್ಲ.

ಅದಕ್ಕೂ ಮೊದಲು ಕಾಯ್ದೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿದ ಗಾಡಿಯ ಮೂಲ ವಿವರ ಬದಲಾಗುವಂತೆ ತಿದ್ದುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಬಿಗಿಯಾಗಿ ಹೇಳಿತು. ಹೊಸ ಮಾದರಿಯೇ ಅನ್ನುವುದಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಕೆಎ-23 ನಂಬರು ಹಚ್ಚಿಕೊಂಡು ಬಸವ ಸರ್ಕಲ್ ಸುತ್ತುವ ಕನಸು ಅಲ್ಲಿಗೆ ಮುಗಿಯಿತು. ತೋಟದ ದಾರಿಯಲ್ಲಿ ಓಡಿಸಬಹುದು, ಎಮ್ಮೆಗಳು ಒಪ್ಪಿದರೆ.

"ಆದ್ರ ಆ ದೇವರಾಷ್ಟ್ರೆಯಾಂವಗ ಬೊಲೆರೊ ಸಿಕ್ಕಿತಲ್ಲ?" ಅಂದರು ಕಾಕಾ.

ನಮ್ಮ ಕಾಗವಾಡ-ಅಥಣಿಯಿಂದ ಗಡಿ ದಾಟಿ ಸಾಂಗಲಿ ಜಿಲ್ಲೆಗೆ ಹೋದರೆ ಕಡೇಗಾವ ತಾಲೂಕಿನಲ್ಲಿ ದೇವರಾಷ್ಟ್ರೆ. ಯಶವಂತರಾವ್ ಚವ್ಹಾಣರು ಹುಟ್ಟಿದ ಊರು. ಅಲ್ಲಿ ಕಬ್ಬಿಣದ ಕೆಲಸ ಮಾಡುವ ದತ್ತಾತ್ರೇಯ ಲೋಹಾರ ಭಂಗಾರ ಅಂಗಡಿಯ ಸಾಮಾನು ಕೂಡಿಸಿ, ಸುಮಾರು 60,000 ರೂಪಾಯಿಯಲ್ಲಿ ಒಂದು ಪುಟ್ಟ ಜೀಪು ಕಟ್ಟಿದರು. ಬೈಕಿನಂತೆ ಕಿಕ್ ಹೊಡೆದರೆ ಚಾಲೂ ಆಗುವ ಜೀಪು! 2021ರ ಡಿಸೆಂಬರಿನಲ್ಲಿ ಮಹೀಂದ್ರಾ ಕಂಪನಿಯ ಆನಂದ್ ಮಹೀಂದ್ರಾ ಅದರ ವಿಡಿಯೊ ನೋಡಿ, ಗಾಡಿ ನಿಯಮಕ್ಕೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ, ಆದರೆ ಕೈಚಳಕ ಮೆಚ್ಚತಕ್ಕದ್ದು ಎಂದು ಬರೆದು, ಅದರ ಬದಲಿಗೆ ಬೊಲೆರೊ ಕೊಡುತ್ತೇನೆ ಅಂದರು. ಮರು ತಿಂಗಳು ಬೊಲೆರೊ ಬಂತು, ಜೀಪು ಕಂಪನಿಗೆ ಹೋಯಿತು. ನಮ್ಮ ಹುಡುಗನ ಲೆಕ್ಕ ಇಲ್ಲೇ ತಪ್ಪುವುದು. ಜೀಪು ಮಾಡಿದವರಿಗೆ ಜೀಪಿನ ಕಂಪನಿಯವರು ಬೊಲೆರೊ ಕೊಟ್ಟರು ಎಂದ ಮಾತ್ರಕ್ಕೆ ಲಾಂಬೋರ್ಗಿನಿಯವರು ಚಿಕ್ಕೋಡಿಗೆ ಟ್ರಕ್ ಕಳಿಸುತ್ತಾರೆಯೇ? ವಕೀಲರ ನೋಟೀಸು ಬಂದರೂ ಬಂದೀತು.

ಆದರೂ ಆ ಸೀಮೆಯ ಮಣ್ಣಿನಲ್ಲಿ ಏನೋ ಇದೆ. ದೇವರಾಷ್ಟ್ರೆಯಿಂದ ತುಸು ಆಚೆಗೇ ಕುಂಡಲ, ಕಿರ್ಲೋಸ್ಕರವಾಡಿ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ಕಬ್ಬಿಣ ತಾಗಿದರೆ ಹೊಲ ವಿಷವಾಗುತ್ತದೆ ಎಂದು ರೈತರು ಮೊದಮೊದಲು ನೇಗಿಲನ್ನು ಮುಟ್ಟಲೂ ಇಲ್ಲ. 1910ರಲ್ಲಿ ಔಂಧ ಸಂಸ್ಥಾನದ ರಾಜರ ಆಸರೆಯಿಂದ ಕಾರ್ಖಾನೆ ಕುಂಡಲದ ಬದಿಗೆ ಹೋಯಿತು. ಮತ್ತೊಬ್ಬರ ಯಂತ್ರ ಬಿಚ್ಚಿ ನೋಡದೆ ಯಾರೂ ಯಂತ್ರ ಕಲಿತಿಲ್ಲ ಅನ್ನುವುದು ಕಾಕಾ ಅವರ ಸಿದ್ಧಾಂತ, ನನ್ನದೂ ಹೌದು.

ಈ ಸಿದ್ಧಾಂತಕ್ಕೆ ಸಾಕ್ಷಿ ಸ್ವತಃ ಲಾಂಬೋರ್ಗಿನಿಯೇ. ಫೆರುಚ್ಚೊ ಲಾಂಬೋರ್ಗಿನಿ ರೈತನ ಮಗ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಗಾಡಿಗಳ ಎಂಜಿನ್ನು, ಬಿಡಿಭಾಗ ಕೂಡಿಸಿ ಟ್ರ್ಯಾಕ್ಟರ್ ಕಟ್ಟಿದವನು. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ; ಕಾರಿನ ಕಂಪನಿ 1963ಕ್ಕೆ. ಅವನ ಫೆರಾರಿಯ ಕ್ಲಚ್ಚು ಪದೇ ಪದೇ ಕೆಟ್ಟು, ಬಿಚ್ಚಿ ನೋಡಿದರೆ ಅದು ತನ್ನ ಟ್ರ್ಯಾಕ್ಟರಿನದೇ ಕ್ಲಚ್ಚು, ಎಂಜೊ ಫೆರಾರಿಗೆ ದೂರು ಹೇಳಿದರೆ ಟ್ರ್ಯಾಕ್ಟರಿನವನಿಗೆ ಕಾರೇನು ತಿಳಿದೀತು ಎಂದು ಅವಮಾನ ಮಾಡಿದ ಎಂಬ ಕತೆಯೂ ಇದೆ. ಕತೆಗೆ ಉಪ್ಪು-ಖಾರ ಎಷ್ಟು ಬೆರೆತಿದೆಯೋ, ಕಾಕಾ ಮಾತ್ರ ಪೂರಾ ನಂಬಿದರು.

"ಅಂದ್ರ ಟ್ರ್ಯಾಕ್ಟರಿನಾಂವ! ಮೊದಲ ಹೇಳಬಾರದ? ನಾನೂ ಯಾರೋ ರಾಜಾ-ಮಹಾರಾಜಾ ಅಂತ ತಿಳದಿದ್ದೆ."

ಅಲ್ಲಿಂದ ಕಾಕಾ ಅವರ ವಾದದ ವರಸೆಯೇ ಬದಲಾಯಿತು. ಡುಪ್ಲಿಕೇಟ್ ಮಾಡುವುದು ತಪ್ಪೆಂದು ನಾನು ಬಾಯಿ ತೆಗೆದದ್ದೇ ತಡ, ಮೆಟ್ಟಿದ್ದ ಅಥಣಿ ಚಪ್ಪಲಿ ತೆಗೆದು ಬೇಲಿಯ ಕಲ್ಲುಗಂಬದ ಮೇಲೆ ಇಟ್ಟರು. ಹೊಡೆಯಲಿಕ್ಕಲ್ಲ, ತೋರಿಸಲಿಕ್ಕೆ. 2025ರ ಜೂನಿನಲ್ಲಿ ಮಿಲಾನಿನ ಫ್ಯಾಷನ್ ಮೆರವಣಿಗೆಯಲ್ಲಿ ಪ್ರಾಡಾ ಕಂಪನಿ ಇದೇ ಕೊಲ್ಹಾಪುರಿ ತರದ ಚಪ್ಪಲಿಯನ್ನು ಗಂಡಸರ ಕಾಲಿಗೆ ಹಾಕಿ ನಡೆಸಿತ್ತಲ್ಲ, ಊರ ಹೆಸರೂ ಹೇಳದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು; ಮಹಾರಾಷ್ಟ್ರದ ನಾಲ್ಕು, ನಮ್ಮ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಪಾಲಿಗೆ. ಗದ್ದಲವಾದ ಮೇಲೆ ಪ್ರಾಡಾ ಭಾರತದ ಮೂಲವನ್ನು ಒಪ್ಪಿಕೊಂಡಿತು. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ಚರ್ಮ ನಿಗಮ ಲಿಡ್ಕರ್, ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದ. ಇಲ್ಲಿ ಮಾಡುವ 2,000 ಜೋಡಿ, ಒಂದೊಂದು ಜೋಡಿಗೆ ಸುಮಾರು 800 ಯೂರೊ ಬೆಲೆ.

"ನಮ್ಮ ಚಪ್ಪಲಿ ಅವರ ಮಾಡಿದ್ರ ಫ್ಯಾಷನ್. ಅವರ ಕಾರ್ ನಮ್ಮ ಹುಡುಗ ಮಾಡಿದ್ರ ಡುಪ್ಲಿಕೇಟ. ಯಾವೂರ ನ್ಯಾಯೋ ಇದು?"

ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಒಂದು ಮಾತು ಬಿಟ್ಟುಕೊಡಲಿಲ್ಲ: ಆಕಾರ ಬೇಕಾದರೆ ನೋಡಿ ಕಲಿಯಲಿ, ಮೂತಿಯ ಮೇಲೆ ಅವರ ಗೂಳಿಯ ಬಿಲ್ಲೆ ಮಾತ್ರ ಹಚ್ಚಬಾರದು. ಪ್ರಾಡಾ ಮೇಲೆ ನಮ್ಮ ಸಿಟ್ಟೂ ಅದೇ ತಾನೇ, ಮಾಡಿದವರ ಹೆಸರು ನುಂಗಿದ್ದು? ಫೆರುಚ್ಚೊ ವೃಷಭ ರಾಶಿಯವನಾದ್ದರಿಂದ ಗೂಳಿ ಆರಿಸಿಕೊಂಡ. ಅವೆಂಟಡೋರ್ ಎಂಬುದೂ ಸ್ಪೇನಿನ ಕಾಳಗದ ಗೂಳಿಯೊಂದರ ಹೆಸರು.

"ಗೂಳೀನ ಬೇಕಂದ್ರ ನಮ್ಮ ಕಿಲಾರಿ ಏನ ಕಡಿಮಿ ಆಗೇತಿ? ಕೋಡ ನೋಡಿದ್ರ ಸಾಕು, ಎದರಿನಾಂವ ತಾನ ಸೈಡ ಕೊಡ್ತಾನ" ಅಂದರು ಕಾಕಾ. ಬಿಲ್ಲೆಯನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಬೇಕೋ ತಗಡಿನಲ್ಲಿ ಕತ್ತರಿಸಬೇಕೋ ಎಂಬುದರ ಮೇಲೆ ಸ್ವಲ್ಪ ಹೊತ್ತು ಜಗಳವಾಯಿತು. ಹಿತ್ತಾಳೆ ಗೆದ್ದಿತು.

ಅಷ್ಟರಲ್ಲಿ ಮೊಮ್ಮಗ ಸೈಕಲ್ ಮೇಲೆ ಬಂದ. ಕಾಕಾ ನ್ಯಾಯಾಧೀಶರ ದನಿಯಲ್ಲಿ ಶರತ್ತು ಓದಿದರು: ಮಾರುತಿ ಕೊಡುತ್ತೇನೆ, ರೊಕ್ಕ ಕೇಳಬಾರದು. ಡಾಂಬರು ರಸ್ತೆಗೆ ಒಯ್ಯಬಾರದು. ಕಬ್ಬಿನ ಹಂಗಾಮು ಸುರುವಾಗುವುದರೊಳಗೆ ಶೆಡ್ಡು ಖಾಲಿಯಾಗಬೇಕು, ಟ್ರ್ಯಾಕ್ಟರ್ ಮಳೆಯಲ್ಲಿ ನಿಲ್ಲಕೂಡದು. ಹುಡುಗ ಎಲ್ಲಕ್ಕೂ ತಲೆಯಾಡಿಸಿದ.

"ಮತ್ತ ವೆಲ್ಡಿಂಗ್ ನೀ ಮುಟ್ಟಬ್ಯಾಡ. ನಿನ್ನ ಜಾಯಿಂಟ್ ನೋಡೇನಿ ನಾ. ಚಾಸಿ ನಾನ ಬೆಸೀತೇನಿ" ಅಂದು, ಕಾಕಾ ನನ್ನ ಕಡೆ ತಿರುಗಿದರು. "ತಮ್ಮಾ, ನಿಮ್ಮ ಮನ್ಯಾಗ ಆ ಡ್ರಿಲ್ ಮಶಿನ್ ಸುಮ್ಮನ ಬಿದ್ದೇತೆಲ್ಲ, ಹಂಗ ಬೇಲಿ ಮ್ಯಾಲಿಂದ ಇತ್ತ ಕೊಡು."