ಮೈಲೂರ ಕಿರಾಣಿ ಮೀಮಾಂಸೆ

ಪೀಠಿಕೆ

ಶಾಸ್ತ್ರ ಬರೆಯಲು ಕೂತವನು ಮೊದಲು ತನ್ನ ಅಧಿಕಾರ ಹೇಳಿಕೊಳ್ಳಬೇಕು. ನನ್ನದು ಇಷ್ಟು: ಬೀದರಿನ ಮೈಲೂರದಲ್ಲಿ 30 ವರ್ಷದ ಸಂಸಾರ, ಮನೆಯಿಂದ 80 ಹೆಜ್ಜೆಗೆ ಒಂದು ಕಿರಾಣಿ ಅಂಗಡಿ, ಆಟೋ ಹಿಡಿದರೆ 15 ನಿಮಿಷಕ್ಕೆ ಒಂದು ದೊಡ್ಡ ಮಾರ್ಟು, ಎರಡೂ ಕಡೆಯ ಚೀಲ ಹೊತ್ತು ಜೋತುಬಿದ್ದ ಒಂದು ಬಲಭುಜ.

ಪರಂಪರೆಯ ಬಲವೂ ಇದೆ. ವಿಜ್ಞಾನೇಶ್ವರ ಕಲ್ಯಾಣದಲ್ಲಿದ್ದುಕೊಂಡು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಬರೆದ. ಸಾಲ ಹೇಗೆ ಕೊಡಬೇಕು, ಹೇಗೆ ವಸೂಲು ಮಾಡಬೇಕು, ಕಳ್ಳ ತೂಕ ತೂಗಿದವನಿಗೆ ಎಷ್ಟು ದಂಡ, ಎಲ್ಲವನ್ನೂ ವಿಂಗಡಿಸಿ ಇಟ್ಟ. ಆ ಕಲ್ಯಾಣವೇ ಇವತ್ತಿನ ಬಸವಕಲ್ಯಾಣ, ನಮ್ಮ ಜಿಲ್ಲೆಯದೇ ತಾಲೂಕು. ಇತ್ತ ಬೀದರಿಗೆ ಬಂದರೆ, ವ್ಯಾಪಾರಕ್ಕೆಂದು ಪರ್ಷಿಯಾದಿಂದ ಬಂದ ಮಹಮೂದ್ ಗವಾನ್ ಬಹಮನಿಗಳ ಮಂತ್ರಿಯಾಗಿ 1472ರಲ್ಲಿ ಮದರಸಾ ಕಟ್ಟಿಸಿದ. ಅವನಿಗೆ ಸಿಕ್ಕ ಬಿರುದೇ ವರ್ತಕರ ದೊರೆ ಎಂದು. ಇಂಥ ಊರಿನಲ್ಲಿ, 80 ಹೆಜ್ಜೆಗೆ ಅಂಗಡಿ ಇದ್ದೂ ಆಟೋ ಏರಿ ಹೋಗಿ ಸಕ್ಕರೆ ತರುವವನು ಯಾವ ವರ್ಗಕ್ಕೆ ಸೇರುತ್ತಾನೆ ಎಂಬ ಪ್ರಶ್ನೆ ಮಾತ್ರ ಯಾರ ಕೈಯಲ್ಲೂ ಇತ್ಯರ್ಥವಾಗದೆ ಉಳಿದಿತ್ತು.

ಅಂಗಡಿ ಪ್ರಕರಣ

ಮೊದಲು ಲಕ್ಷಣ. ಗಿರಾಕಿ ಹೊರಗೆ, ಮಾಲು ಒಳಗೆ, ನಡುವೆ ಒಬ್ಬ ಮನುಷ್ಯ ಇದ್ದರೆ ಅದು ಕಿರಾಣಿ. ಗಿರಾಕಿಯೂ ಮಾಲೂ ಒಳಗಿದ್ದು, ಮನುಷ್ಯ ಬಾಗಿಲಲ್ಲಿ ನಿಂತು ಬಿಲ್ಲಿಗೆ ತೂತು ಹೊಡೆಯುತ್ತಿದ್ದರೆ ಅದು ಮಾರ್ಟು.

ಈ ಎರಡನೆಯದು ಬಹಳ ಹಳೆಯದೇನೂ ಅಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್ ಊರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಗಿರಾಕಿಯನ್ನು ಕಟ್ಟೆ ದಾಟಿಸಿ ಒಳಗೆ ಬಿಟ್ಟ. ಅಲ್ಲಿಯವರೆಗೆ ಅಮೆರಿಕದವರೂ ಮೈಲೂರದವರ ಹಾಗೆ ಕಟ್ಟೆಯ ಆಚೆ ನಿಂತು ಕೂಗುತ್ತಿದ್ದವರೇ. ಒಳಗೆ ಬಂದ ಗಿರಾಕಿ ಬುಟ್ಟಿ ಭಾರವಾದ ಕೂಡಲೇ ಕೊಳ್ಳುವುದು ನಿಲ್ಲಿಸುತ್ತಾನೆ ಎಂದು ಓಕ್ಲಹೋಮಾದ ಸಿಲ್ವನ್ ಗೋಲ್ಡ್‌ಮನ್ ಕಂಡುಕೊಂಡ. 1937ರಲ್ಲಿ ಬುಟ್ಟಿಗೆ ಗಾಲಿ ಹಚ್ಚಿದ. ಜನ ಮುಟ್ಟಲಿಲ್ಲ, ಗಂಡಸರಿಗೆ ಅದು ತಮ್ಮ ತೋಳಿಗೆ ಅವಮಾನ ಅನಿಸಿತಂತೆ. ಕೊನೆಗೆ ಸಂಬಳ ಕೊಟ್ಟು ಕೆಲವರಿಂದ ಅಂಗಡಿ ತುಂಬ ಗಾಡಿ ತಳ್ಳಿಸಬೇಕಾಯಿತು. ಈಗ ನಮ್ಮೂರ ಮಾರ್ಟಿನಲ್ಲಿ ಒಂದು ಸಾಬೂನಿಗೂ ಗಾಡಿ ಬೇಕು, ಒಳಗೆ ಒಂದು ಕೂಸೂ ಕೂತಿರಬೇಕು.

ಎರಡನೆಯ ಲಕ್ಷಣ ಸೂಕ್ಷ್ಮವಾದದ್ದು, ನನ್ನ ಸ್ವಂತ ಶೋಧ ಎಂದು ಹೇಳಿಕೊಳ್ಳುತ್ತೇನೆ. ಮಾರ್ಟಿನಲ್ಲಿ ತೂಕ ಗಟ್ಟಿ, ದುಡ್ಡು ಸಡಿಲ. ಕಿರಾಣಿಯಲ್ಲಿ ದುಡ್ಡು ಗಟ್ಟಿ, ತೂಕ ಸಡಿಲ. ಮಾರ್ಟಿನ ಜೀರಿಗೆ 100 ಗ್ರಾಮಿನ ಪಾಕೀಟು. ಬೆಲೆ ಎಷ್ಟಾದರೂ ಆಗಲಿ ನೀವೇ ಹೊಂದಿಸಿಕೊಳ್ಳಬೇಕು. ಕಿರಾಣಿಗೆ ಪಕ್ಕದ ಮನೆಯ ಹುಡುಗಿ ಓಡಿ ಬಂದು, ಮುಷ್ಟಿಯಲ್ಲಿ ಬೆವೆತ ನಾಣ್ಯ ತೆರೆದು, “ಕಾಕಾ, ಹತ್ ರೂಪಾಯಿದು ಜೀರ್ಗಿ” ಅನ್ನುತ್ತಾಳೆ. ಜೀರಿಗೆ ತುಟ್ಟಿಯಾದ ತಿಂಗಳು ಪೊಟ್ಟಣ ಸಣ್ಣದಾಗುತ್ತದೆ, ಅಗ್ಗವಾದರೆ ಉಬ್ಬುತ್ತದೆ. ಹತ್ತು ಮಾತ್ರ ಹತ್ತೇ. ಬೆಲೆ ಏರಿಕೆಯ ಲೆಕ್ಕವನ್ನು ಆ ಹುಡುಗಿ ಪೇಪರು ಓದದೆ ಬೆರಳಲ್ಲೇ ತಿಳಿಯುತ್ತಾಳೆ.

ಲೆಕ್ಕದ ಈ ಚಳಕ ಇಲ್ಲಿಯ ಅಂಗಡಿಕಾರರಿಗೆ ಅನಾಯಾಸವಾಗಿ ಬಂದದ್ದಲ್ಲ. ನಿಜಾಮನ ರಾಜ್ಯ 1948ರಲ್ಲಿ ಭಾರತಕ್ಕೆ ಸೇರಿದ ಮೇಲೂ ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ 1959ರವರೆಗೆ ನಡೆಯಿತು. ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಭಾರತದ ರೂಪಾಯಿ. ಒಂದೇ ಗಲ್ಲೆಯಲ್ಲಿ ಎರಡು ಜಾತಿ ರೂಪಾಯಿ, ಒಂದೇ ತಕ್ಕಡಿಗೆ ಮೊದಲು ಸೇರು, ಆಮೇಲೆ ಕಿಲೋ. ಈಗಲೂ ಕಾಲು ಕಿಲೋಗೆ ನಾವು ಅನ್ನುವುದು ಪಾವ್ ಕಿಲೋ ಎಂದೇ. ಅಂಥ ಮನೆತನದ ಮೊಮ್ಮಗ ಇವತ್ತು ಕ್ಯಾಲ್ಕುಲೇಟರ್ ಒತ್ತುವುದು ಗಿರಾಕಿಯ ಸಮಾಧಾನಕ್ಕಷ್ಟೆ. ಮೊತ್ತ ಆಗಲೇ ಅವನ ಬಾಯಲ್ಲಿ ಬಂದಿರುತ್ತದೆ.

ಮೂರನೆಯದು ದಂತ ಲಕ್ಷಣ. ರೊಟ್ಟಿಯ ಜೋಳವನ್ನು ನಮ್ಮ ಹೆಂಗಸರು ಕಣ್ಣಲ್ಲಿ ನೋಡಿ ತರುವುದಿಲ್ಲ. ಗೋಣಿಚೀಲದಲ್ಲಿ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುತ್ತಾರೆ. ಕಟಕ್ ಅಂದರೆ ಒಣಗಿದೆ, ಮೆತ್ತಗೆ ಒಡೆದರೆ ಹಸಿ. ಆಮೇಲೆ ಮಾತಿಲ್ಲದೆ ಮುಖ ನೋಡುತ್ತಾರೆ. ಅಂಗಡಿಯವನು ಮಾತಿಲ್ಲದೆ ಬೇರೆ ಚೀಲದ ಬಾಯಿ ಬಿಚ್ಚುತ್ತಾನೆ. ನನ್ನಾಕೆ ಒಮ್ಮೆ ಮಾರ್ಟಿನಲ್ಲಿ ಜೋಳದ ಪಾಕೀಟನ್ನು ಅಂಗೈಯಲ್ಲಿ ಮೇಲೆ ಕೆಳಗೆ ಮಾಡಿ, ಹಿಂದೆ ಬರೆದದ್ದನ್ನೆಲ್ಲ ಓದಿಸಿ, ತಿರುಗಿ ಇಟ್ಟಳು. “ಎಲ್ಲ ಬರದಾರ, ಕಡೀಲಿಕ್ಕೆ ಮಾತ್ರ ಬಿಟ್ಟಿಲ್ಲ” ಅಂದಳು.

ಸರ್ಕಾರವೂ ಈ ಭೇದವನ್ನು ಒಪ್ಪಿದೆ. 2022ರ ಜುಲೈ 18ರಿಂದ ಪಾಕೀಟು ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ, ಬ್ರ್ಯಾಂಡ್ ಇರಲಿ ಬಿಡಲಿ, ಶೇ 5 ಜಿಎಸ್‌ಟಿ ಬಿತ್ತು. ಗೋಣಿಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟರೆ ಇಲ್ಲ. ಅಂದರೆ ಕಡಿದು ನೋಡುವ ಹಕ್ಕಿಗೆ ತೆರಿಗೆ ಮಾಫಿ.

ಉಪಜಾತಿಗಳನ್ನು ಬೇಗ ಮುಗಿಸುತ್ತೇನೆ. ರೇಷನ್ ಅಂಗಡಿಯಲ್ಲಿ ಆಯ್ಕೆ ಎಂಬುದೇ ಇಲ್ಲದ್ದರಿಂದ ಅದು ಈ ಗ್ರಂಥದ ವ್ಯಾಪ್ತಿಗೆ ಬಾರದು. ಮಿಲಿಟರಿ ಕ್ಯಾಂಟೀನು ಏರ್‌ಫೋರ್ಸ್ ಇರುವ ಊರಾದ್ದರಿಂದ ಎಲ್ಲರಿಗೂ ಗೊತ್ತು, ಕಾರ್ಡು ಮಾತ್ರ ಯಾವಾಗಲೂ ಬೇರೆಯವರ ಭಾವನ ಹತ್ತಿರ ಇರುತ್ತದೆ. ಇನ್ನು ಗಾಂಧಿ ಗಂಜು. ಅದು ಎರಡಕ್ಕೂ ತಾಯಿ. ಔರಾದ, ಭಾಲ್ಕಿ ಕಡೆಯ ತೊಗರಿ, ಉದ್ದು, ಹೆಸರು ಅಡತಿಯವರ ಕಟ್ಟೆಗೆ ಬಂದು ಬೀಳುವುದು ಅಲ್ಲೇ. ಅಲ್ಲಿಂದ ಹೊರಟ ತೊಗರಿ ಎಲ್ಲೆಲ್ಲೋ ಸುತ್ತಿ, ಮೈಗೆ ಪಾಲಿಶ್ ಹಚ್ಚಿಸಿಕೊಂಡು, ಊರಿಗೆ ರಜೆಗೆ ಬಂದ ಸಾಫ್ಟ್‌ವೇರ್ ಹುಡುಗನ ಹಾಗೆ ಮಾರ್ಟಿನ ಎಸಿಯಲ್ಲಿ ಕೂತರೆ ಆಶ್ಚರ್ಯವಿಲ್ಲ.

ಗಿರಾಕಿ ಪ್ರಕರಣ

ಗಿರಾಕಿಗಳಲ್ಲಿ ಬಹುಸಂಖ್ಯಾತರು ತಾರೀಖಿನ ಗಿರಾಕಿಗಳು. ಒಂದರಿಂದ ಹತ್ತನೇ ತಾರೀಖಿನವರೆಗೆ ಇವರು ಮಾರ್ಟಿನವರು, ಇಪ್ಪತ್ತರವರೆಗೆ ಕಿರಾಣಿಯಲ್ಲಿ ನಗದಿನವರು, ಇಪ್ಪತ್ತರ ಮೇಲೆ ಅದೇ ಕಿರಾಣಿಯಲ್ಲಿ ಉದ್ರಿಯವರು. ಒಂದೇ ಮನುಷ್ಯ ತಿಂಗಳಿಗೆ ಮೂರು ಜನ್ಮ ಎತ್ತುತ್ತಾನೆ. ಪೂರ್ವಸೂರಿಗಳು ಇವನನ್ನು ಮೂರು ಬೇರೆ ವರ್ಗಗಳಾಗಿ ಎಣಿಸಿ ಎಡವಿದ್ದಾರೆ.

ಉಳಿತಾಯದ ಗಿರಾಕಿ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾನೆ. ಕೊಟ್ಟದ್ದು ಎಷ್ಟೆಂದು ಅವನಿಗೆ ಬೇಡ, ಉಳಿದದ್ದು ಎಷ್ಟೆಂದು ಬೇಕು. ನಾನು ಒಂದು ಸಲ 212 ರೂಪಾಯಿ ಉಳಿಸಿದೆ. ಹೋಗಿ ಬರುವ ಆಟೋ 120, ಕ್ಯಾರಿ ಬ್ಯಾಗ್ 10, ಬಾಗಿಲ ಹತ್ತಿರ ಮೊಮ್ಮಗನಿಗೆ ಐಸ್‌ಕ್ರೀಮ್ 40. ಜೊತೆಗೆ ಒಂದಕ್ಕೊಂದು ಫ್ರೀ ಎಂದು ತಂದ ಎರಡು ಬಾಟಲಿ ಸಾಸ್. ನಮ್ಮ ಮನೆಯಲ್ಲಿ ಸಾಸ್ ತಿನ್ನುವವರು ಯಾರೂ ಇಲ್ಲ. ಈ ಪಂಥದ ಮೂಲಪುರುಷನನ್ನೂ ನಾನು ಬೀದರಿನಲ್ಲೇ ಗುರುತಿಸಿದ್ದೇನೆ: 1470ರ ಆಸುಪಾಸು ಇಲ್ಲಿಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್. ಲಾಭ ಬರುತ್ತದೆಂದು ಒಂದು ಕುದುರೆ ತಂದ. ಅದು ಬೇಗ ಮಾರಾಟವಾಗಲಿಲ್ಲ. ಕಡೆಗೆ ಬೀದರಿನಲ್ಲೇ ಮಾರಿದ, ಅಲ್ಲಿಯವರೆಗೆ ಅದನ್ನು ಸಾಕಿದ ಖರ್ಚನ್ನೂ ತನ್ನ ಪ್ರವಾಸದ ಬರಹದಲ್ಲಿ ಬರೆದಿಟ್ಟ. ನಮ್ಮ ಸಾಸ್ ಬಾಟಲಿಗೆ ಕನಿಷ್ಠ ಮೇವು ಹಾಕಬೇಕಾಗಿಲ್ಲ.

ತಂಪಿನ ಗಿರಾಕಿ ಮೇ ತಿಂಗಳಲ್ಲಿ ಹುಟ್ಟಿ ಮೃಗಶಿರಕ್ಕೆ ಅಳಿಯುತ್ತಾನೆ. ಕಲಬುರಗಿಗಿಂತ ನಮ್ಮೂರು ತಂಪು ಎಂದು ಮದುವೆ ಮನೆಗಳಲ್ಲಿ ವಾದಿಸುವವನೇ ಮಧ್ಯಾಹ್ನ ಎರಡಕ್ಕೆ ಮಾರ್ಟಿನ ಮೊಸರಿನ ಕಪಾಟಿನೆದುರು ನಿಂತು ಡಬ್ಬಿಯ ಮೇಲಿನ ತಾರೀಖು ಓದುತ್ತಿರುತ್ತಾನೆ. ಅವನಿಂದ ಯಾರಿಗೂ ತೊಂದರೆ ಇಲ್ಲ.

ಇವರೆಲ್ಲರಿಗೂ ಎದುರಾಗಿ ನಿಲ್ಲುವುದು ಲಕ್ಕಮ್ಮನ ವರ್ಗ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಸೆರಗು ತೆರೆಸಿ ನೋಡಿ, ದಿನದ ಅಳತೆಗಿಂತ ಮೇಲಾದದ್ದನ್ನು ತಿರುಗಿ ಒಯ್ದು ಹಾಕಿ ಬಾ ಎಂದು ಕಳಿಸಿದಳು. ಕಥೆಯನ್ನು ಎಲ್ಲರೂ ಭಕ್ತಿಗೆ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದು ದೊಡ್ಡ ಪ್ಯಾಕಿನ ವಿರುದ್ಧ ನಮ್ಮ ಜಿಲ್ಲೆಯಲ್ಲಿ ದಾಖಲಾದ ಮೊದಲ ತೀರ್ಪಾಗಿ ಕಾಣುತ್ತದೆ. ಐದು ಕಿಲೋ ಕೊಂಡರೆ ಒಂದು ಕಿಲೋ ಫ್ರೀ ಎಂಬ ಬೋರ್ಡಿನ ಕೆಳಗೆ ಆಕೆಯನ್ನು ನಿಲ್ಲಿಸಿ ನೋಡಿ. ಈ ವರ್ಗ ಈಗಲೂ ಇದೆ: ಗೌಂಡಿ ಕೆಲಸದಿಂದ ಸಂಜೆ ಮರಳುವವರು, ಅಂದಿನ ಕೂಲಿಗೆ ಅಂದಿನ ಎಣ್ಣೆ, ಅಂದಿನ ಬೇಳೆ, ಒಂದು ರೂಪಾಯಿಯ ಶಾಂಪೂ ಪುಡಿಕೆ. ಅವರು ಸಣ್ಣದಾಗಿ ಕೊಳ್ಳುವುದು ವೈರಾಗ್ಯದಿಂದಲ್ಲ, ಲಕ್ಕಮ್ಮನ ಹೆಸರು ಅವರಿಗೆ ಇಟ್ಟದ್ದು ನನ್ನ ಅನುಕೂಲಕ್ಕೆ. ತೂಕಕ್ಕೆ ಹಚ್ಚಿ ನೋಡಿದರೆ ಎಲ್ಲರಿಗಿಂತ ತುಟ್ಟಿ ಬೆಲೆ ತೆರುವವರೂ ಅವರೇ. ಮಾರ್ಟಿನ ರಿಯಾಯಿತಿ ಇರುವುದು ಒಂದು ತಿಂಗಳ ದುಡ್ಡನ್ನು ಒಂದೇ ದಿನ ಕೈಯಲ್ಲಿ ಹಿಡಿದವರಿಗೆ.

ಉಳಿದದ್ದು ಮರೆಯ ಗಿರಾಕಿ. ಮಾರ್ಟಿನ ಚೀಲವನ್ನು ಒಳಗಿನದು ಹೊರಗೆ ಮಾಡಿ ಹಿಡಿದು, ಕಿರಾಣಿಯ ಮುಂದೆ ಹಾಯದೆ ಹಿಂದಿನ ಓಣಿಯಿಂದ ಮನೆ ಸೇರುವವನು. ಗ್ರಂಥಕರ್ತ ಈ ವರ್ಗದವನು.

ಉದ್ರಿ ಪ್ರಕರಣ

ಬಲಗಡೆ ಗೋಡೆಗೆ ‘ಇಂದು ನಗದು ನಾಳೆ ಉದ್ರಿ’ ಎಂಬ ಹಲಗೆ. ಎಡಗಡೆ ಗಲ್ಲೆಯ ಮೇಲೆ ಉದ್ರಿಯ ವಹಿ. ಹಲಗೆ ಹೊಸಬರಿಗೆ, ವಹಿ ಹಳಬರಿಗೆ. ಮೊದಲು ಕೆಂಪು ಬಟ್ಟೆಯ ಉದ್ದನೆಯ ವಹಿ ಇರುತ್ತಿತ್ತು. ಈಗ ಶಾಲೆಯ ಇನ್ನೂರು ಪುಟದ ನೋಟ್‌ಬುಕ್ಕು, ರಟ್ಟಿನ ಮೇಲೆ ಕ್ರಿಕೆಟ್ ಆಟಗಾರ. ಒಳಗೆ ಹೆಸರುಗಳಿಲ್ಲ. ‘ಬೋರಿನ ಮನಿ’, ‘ಟೀಚರ್ ಅಕ್ಕೋರು’, ‘ಲೈನ್‌ಮನ್’, ‘ಮೂಲಿ ಮನಿ ಭಾಭಿ’. ನಾನು ‘ಚಸ್ಮಾ ಸರ್’.

ಬಡ್ಡಿ ಎಷ್ಟೇ ಬೆಳೆದರೂ ಅಸಲಿನ ಒಂದು ಪಟ್ಟು ಮೀರಕೂಡದು ಎಂಬುದು ಧರ್ಮಶಾಸ್ತ್ರದ ಹಳೆಯ ಕಟ್ಟಳೆ. ಉದ್ರಿಗೆ ಬಡ್ಡಿಯೇ ಇಲ್ಲ. ಇಲ್ಲಿ ಪೂರ್ವಪಕ್ಷ ಏಳುತ್ತದೆ: ಮಾರ್ಟಿಗಿಂತ ಕಿಲೋ ಬೇಳೆಗೆ ಎಂಟು ರೂಪಾಯಿ ಜಾಸ್ತಿ ಹಚ್ಚುತ್ತಾನಲ್ಲ, ಅದೇನು? ಒಪ್ಪುತ್ತೇನೆ, ಅದು ಬಡ್ಡಿಯೇ. ನಗದು ಕೊಟ್ಟವನೂ ಅದನ್ನು ಕಟ್ಟುತ್ತಾನೆ, ಉದ್ರಿಯವನ ಪಾಲಿನದ್ದನ್ನೂ ಸೇರಿಸಿ. ಹಾಗಾಗಿ ಒಂದನೇ ತಾರೀಖಿಗೆ ನಾನು ನಗದು ಹಿಡಿದು ಮಾರ್ಟಿಗೆ ಹೋದರೆ ತಪ್ಪೇನು ಎಂದು ವಾದಿಸಬಹುದು. ನಾನೇ ವಾದಿಸಿದ್ದೇನೆ, ಹಿಂದಿನ ಓಣಿಯಲ್ಲಿ, ಒಬ್ಬನೇ. ಕಿರಾಣಿಯವನು ಸಾಧುವೂ ಅಲ್ಲ. ಎಂಆರ್‌ಪಿಯಲ್ಲಿ ಒಂದು ಪೈಸೆ ಬಿಡುವುದಿಲ್ಲ. ಮೇಲಿನ ಸಾಲಿನ ಬಿಸ್ಕೀಟಿನ ತಾರೀಖು ನೋಡಲು ಕನ್ನಡಕ ಬೇಕು. ಚಿಲ್ಲರೆಗೆ ಬದಲು ಚಾಕಲೇಟು ಕೊಡುತ್ತಿದ್ದ ಕಾಲದಲ್ಲಿ ನನ್ನ ಮಕ್ಕಳ ಹಲ್ಲು ಹಾಳಾದದ್ದು ಅವನಿಂದಲೇ. ಫೋನಿನಿಂದ ದುಡ್ಡು ಕಟ್ಟುವುದು ಬಂದ ಮೇಲೆ ಆ ನಾಣ್ಯಪದ್ಧತಿ ನಿಂತಿತು.

ಆದರೂ 2020ರ ಮಾರ್ಚ್ ಕೊನೆಯ ವಾರ ನೆನಪಿದೆ. ಆಟೋ ಇಲ್ಲ, ಬಸ್ಸಿಲ್ಲ. ಅಂಗಡಿಯ ಶಟರು ಮೊಣಕಾಲೆತ್ತರಕ್ಕೆ ಎದ್ದಿತ್ತು. ಒಳಗಿಂದ ಒಂದು ಕೈ ಬಂತು, ನನ್ನ ಚೀಟಿ ತೆಗೆದುಕೊಂಡಿತು, ಸ್ವಲ್ಪ ಹೊತ್ತಿಗೆ ಅಕ್ಕಿ, ಬೇಳೆ, ಎಣ್ಣೆ ಒಂದೊಂದಾಗಿ ನೆಲದ ಮೇಲೆ ಜಾರಿಕೊಂಡು ಹೊರಗೆ ಬಂದವು. ದುಡ್ಡಿಗೆ ಬಗ್ಗಿದೆ. “ಈಗ ಹೋಗ್ರಿ ಸರ್, ಬರದೀನಿ” ಅಂತು ಕೈ.

ಪರಿಶಿಷ್ಟ

ಗ್ರಂಥ ಇಲ್ಲಿಗೆ ಮುಗಿಯಬೇಕಿತ್ತು. ಹೋದ ತಿಂಗಳು ಎರಡನೇ ತಾರೀಖು ಹಿಂದಿನ ಓಣಿಯಲ್ಲಿ ಗಟಾರಕ್ಕೆಂದು ಅಗೆದಿದ್ದರು. ದಾರಿ ಇಲ್ಲದೆ ಅಂಗಡಿಯ ಮುಂದೆಯೇ ಹಾಯಬೇಕಾಯಿತು. ಚೀಲ ಒಳಗಿನದು ಹೊರಗೆ ಇತ್ತು, ಮೇಲೆ ಟವೆಲ್ ಕೂಡ ಇತ್ತು. ಎಣ್ಣೆಯ ಪಾಕೀಟಿನ ಮೂಲೆ ಮಾತ್ರ ಹಣಕಿತ್ತು.

“ಸರ್, ಬರ್ರಿ ಇಲ್ಲಿ,” ಅಂದ ಸಾವ್ಕಾರ.

ಹೋದೆ.

“ಅಲ್ಲಿ ಎಣ್ಣಿ ಎಷ್ಟಕ್ಕ ಕೊಡಲತ್ತಾರ?”

ಹೇಳಿದೆ. ಅವನು ಕಣ್ಣು ಮುಚ್ಚಿ ಲೆಕ್ಕ ಹಾಕಿದ. “ನಮಗ ಏಜೆನ್ಸಿಯವ್ರು ಕೊಡೋದೇ ಅದಕ್ಕಿಂತ ಹನ್ನೊಂದು ರೂಪಾಯಿ ಜಾಸ್ತಿ ಅದ.” ಮುಂದಕ್ಕೆ ಬಾಗಿ ದನಿ ತಗ್ಗಿಸಿದ. “ಒಬ್ಬರಿಗೆ ಎರಡೇ ಪಾಕೀಟ್ ಬಿಡತಾರ ನೋಡ್ರಿ. ನಾ ಈ ವಾರ ಎರಡ್ ಸರ್ತಿ ಹೋಗೀನಿ, ಬಾಗಲದಾಗಿನ ಹುಡುಗ ಗುರ್ತ ಹಿಡದಾನ. ಆ ಎರಡು ನನಗ ಕೊಡ್ರಿ.”

ಟವೆಲ್ ಸರಿಸಿ ಎರಡೂ ಪಾಕೀಟು ಗಲ್ಲೆಯ ಮೇಲಿಟ್ಟೆ. ಅವನು ಅವುಗಳನ್ನು ಅಂಗಿಯ ತುದಿಯಿಂದ ಒರೆಸಿ ಕಪಾಟಿನ ಸಾಲಿಗೆ ಸೇರಿಸಿದ. ಕ್ರಿಕೆಟ್ ಆಟಗಾರನ ನೋಟ್‌ಬುಕ್ ತೆಗೆದು, ಬೆರಳಿಗೆ ಎಂಜಲು ಹಚ್ಚಿ ‘ಚಸ್ಮಾ ಸರ್’ ಪುಟ ಹುಡುಕಿ, ಹೋದ ತಿಂಗಳಿನ ಸಕ್ಕರೆ, ಚಹಾಪುಡಿ, ಸಾಬೂನಿನ ಕೆಳಗೆ ಅಡ್ಡಗೆರೆ ಎಳೆದ. ಆ ಪುಟದಲ್ಲಿ ಹಿಂದೆಂದೂ ಇಲ್ಲದ ಒಂದು ಶಬ್ದ ಬರೆದು, ಅದರ ಮುಂದೆ ‘ಎಣ್ಣಿ 2’ ಎಂದು ಸೇರಿಸಿ, ನನಗೆ ಕಾಣಲೆಂದು ನೋಟ್‌ಬುಕ್ ತಿರುಗಿಸಿ ಹಿಡಿದ. ‘ಜಮಾ’ ಎಂದಿತ್ತು.